ಮೂರನೇ ಮಹಡಿಯಲ್ಲಿ ಇನ್ನೊಬ್ಬಳು

ಜೂನ್ 3, ಮಂಗಳವಾರ

"ಬರಿ" ಅಂದಿದ್ದಾಳೆ ಮಗಳು. ದಿನಾ ಫೋನ್ ಮಾಡಿ ಅವಳ ತಲೆ ತಿನ್ನುವುದಕ್ಕಿಂತ ಹಾಳೆಯ ತಲೆ ತಿನ್ನುವುದು ವಾಸಿಯಂತೆ. "ಅಮ್ಮ, ತಲೇಲಿ ಏನೇನು ಓಡುತ್ತೋ ಎಲ್ಲ ಬರ್ದು ಮುಚ್ಚಿಡು. ನಾನಂತೂ ಓದಲ್ಲ." ನಾನು ಶಾಲೆಗೆ ಹೋದದ್ದು ಏಳನೇ ಕ್ಲಾಸಿನ ಅರ್ಧದ ತನಕ. ಅಮ್ಮ ಹಾಸಿಗೆ ಹಿಡಿದಳು, ನಾನು ಹೊಲಿಗೆ ಮೆಷಿನ್ ಹಿಡಿದೆ. ಈಗಲೂ ಅದೇ ಕೆಲಸ. ಹೊಸ ಬಟ್ಟೆ ಹೊಲಿಯಲ್ಲ, ಹಳೆಯದನ್ನು ಸರಿ ಮಾಡಿ ಕೊಡುತ್ತೇನೆ. ಸೊಂಟ ಬಿಡಿಸುವುದು, ಕಾಲು ಮಡಿಸುವುದು, ಜಿಪ್ ಬದಲಿಸುವುದು.

ಚಿಂತೆ ಬರಿ ಅಂದರೆ ಯಾವುದನ್ನು ಮೊದಲು ಬರೆಯಲಿ? ಕೂತವಳು ಎದ್ದು ಹೋಗಿ ಗ್ಯಾಸ್ ನೋಡಿ ಬಂದೆ. ಆರಿಸಿದ್ದೆ. ನಮ್ಮ ಮನೆಯವರ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೊರಟು ನಿಂತಿದೆ. ಸಣ್ಣ ದನಿಗಳು ಮೊದಲು ಹೋಗ್ತವೆ, ದಪ್ಪ ದನಿ ಆಮೇಲೆ ಅಂದಿದ್ದಾರೆ ಕಿವಿ ಡಾಕ್ಟರು. ಕೆಟಲ್ ಕೂಗಿ ಕೂಗಿ ತಳ ಸುಟ್ಟರೂ ಇವರಿಗೆ ಗೊತ್ತಾಗಲ್ಲ. ನಾನು ಅಂಗಡಿಗೆ ಹೋದಾಗ ಮನೆ ಹೊತ್ತಿಕೊಂಡರೆ?

ಇದರ ಮೇಲೆ ಇವತ್ತು ಒಬ್ಬಳು ಬಂದಳು. ರೆಕಾರ್ಡ್ ಕಂಪನಿಯಿಂದ. ನಲವತ್ತರ ಹತ್ತಿರದವಳು, ಕತ್ತಿಗೆ ಹೆಡ್‌ಫೋನ್, ತಲೆಗೂದಲು ಗಂಡಸರ ಹಾಗೆ. ಹಳೇ ರೀಲುಗಳಿಗೆ ಜೀವ ಕೊಡುವುದೇ ಅವಳ ಕೆಲಸವಂತೆ. ಇವರ ಹಾಡನ್ನು ಮತ್ತೆ ಹೊರತರುತ್ತಾರಂತೆ, ಅದರ ಜೊತೆಗೆ ಆಗ ಮಾಡಿ ಬಿಸಾಕಿದ್ದ, ಯಾರೂ ಕೇಳದ ಬೇರೆ ಬೇರೆ ರೂಪಗಳನ್ನೂ.

ಇವರ ಹಾಡು ಅಂದರೆ ಒಂದೇ. ನಾಲ್ಕು ಜನ ಸೇರಿ ರಾಕ್ ಬ್ಯಾಂಡ್ ಅಂತ ಗಲಾಟೆ ಮಾಡಿದ್ದು ಐದಾರು ವರ್ಷ, ಉಳಿದದ್ದು "ಮೂರನೇ ಮಹಡಿ" ಒಂದು. ಬಸ್ಸಿನಲ್ಲಿ, ಸಲೂನಿನಲ್ಲಿ, ಎಲ್ಲ ಕಡೆ ಕೇಳಿಸುತ್ತಿತ್ತು. ಒಬ್ಬ ಕೆಳಗೆ ಬಸ್‌ಸ್ಟಾಪಿನಲ್ಲಿ ನಿಂತು ಮೇಲಿನ ಕಿಟಕಿಯ ದೀಪ ನೋಡಿ "ಇಳಿದು ಬಾ" ಅಂತ ಕರೆಯುತ್ತಾನೆ. ಯಾರೂ ಉತ್ತರ ಕೊಡಲ್ಲ, ಗಿಟಾರ್ ಅಳುತ್ತದೆ. ಆ ಕಿಟಕಿ ನನ್ನದು. ಲಾಂಡ್ರಿಯ ಮೇಲೆ ಮೂರನೇ ಮಹಡಿಯಲ್ಲಿ ಕೂತು ಹೊಲಿಯುತ್ತಿದ್ದವಳು ನಾನೇ. ಇವತ್ತಿಗೂ ಮದುವೆ ಮನೆಯಲ್ಲಿ ಯಾರಾದರೂ ನನ್ನನ್ನು ತೋರಿಸಿ "ಇವರೇ ಕಣ್ರೀ ಮೂರನೇ ಮಹಡಿ" ಅನ್ನುತ್ತಾರೆ. ನನಗೆ ನಾಚಿಕೆ ಆಗುತ್ತದೆ. ಅನ್ನದಿದ್ದರೆ ಬೇಜಾರೂ ಆಗುತ್ತದೆ.

ಇವರು ಏಣಿ ಹಾಕಿಸಿ ಅಟ್ಟದಿಂದ ರೀಲಿನ ಪೆಟ್ಟಿಗೆ ಇಳಿಸಿಕೊಟ್ಟರು. ಇಳಿಸಿದವಳು ನಾನು. ಇವರ ಮಂಡಿ ಏಣಿ ಹತ್ತುವ ಮಂಡಿಯಲ್ಲ.

ಜೂನ್ 9, ಸೋಮವಾರ

ಏನು ಅಂತ ಬರೆಯಲಿ?

ರೀಲಿನವಳು ವಾಪಸ್ ಬಂದಿದ್ದಳು. ಹಳೇ ಟೇಪು ಅಂಟಂಟಾಗಿ ಬಿಟ್ಟಿರುತ್ತಂತೆ, ಹಾಗೇ ಓಡಿಸಿದರೆ ಕಿತ್ತು ಬರುತ್ತಂತೆ. ಅದಕ್ಕೆ ಸಣ್ಣ ಶಾಖದ ಪೆಟ್ಟಿಗೆಯಲ್ಲಿಟ್ಟು ಬಿಸಿ ಮಾಡಿ ಆಮೇಲೆ ಓಡಿಸುತ್ತಾರಂತೆ. "ಬ್ರೆಡ್ ಬೇಯಿಸಿದ ಹಾಗೆ ಅಮ್ಮ, ಆದರೆ ಉಬ್ಬಬಾರದು" ಅಂದಳು. ಇವರು ನಕ್ಕರು. ನನ್ನ ಜೋಕಿಗೆ ಹಾಗೆ ನಕ್ಕು ಯಾವ ಕಾಲವಾಯಿತೋ.

ಮುಂದಿನ ಕೋಣೆಯಲ್ಲಿ ಇಬ್ಬರೂ ಕೂತು ಕೇಳಿದರು. ಇವರಿಗೆ ಕೇಳಬೇಕಲ್ಲ, ಗೋಡೆ ಅದುರುವ ಹಾಗೆ ಇಟ್ಟಿದ್ದರು. ನಾನು ಮೆಷಿನ್ ಹತ್ತಿರ ಯಾರದೋ ಕೋಟಿನ ಒಳಗಿನ ಅಸ್ತರು ಬಿಚ್ಚುತ್ತಿದ್ದೆ. ಹಾಡು ಶುರುವಾಯಿತು, ಇವರ ಚಿಕ್ಕ ವಯಸ್ಸಿನ ದನಿ, "ಇಳಿದು ಬಾ". ಗಿಟಾರ್ ಅಳಬೇಕಾದ ಜಾಗ ಬಂತು.

ಗಿಟಾರ್ ಅಳಲಿಲ್ಲ. ಒಬ್ಬಳು ಹಾಡಿದಳು.

"ಸದ್ದು ಮಾಡದೆ ಹತ್ತಿ ಬಾ."

ತೆಳ್ಳನೆ ದನಿ. ಸಣ್ಣ ಹುಡುಗಿಯದು. ಗಾಜಿನ ಬಳೆ ಮುಟ್ಟಿದ ಹಾಗೆ. ಪ್ರತಿ ಸಲ ಇವರು ಕರೆದಾಗಲೂ ಅವಳು ಮೇಲಿನಿಂದ "ಹತ್ತಿ ಬಾ" ಅನ್ನುತ್ತಾಳೆ. ನನ್ನ ಕಿಟಕಿಯಲ್ಲಿ ನಿಂತು.

ಬ್ಲೇಡು ಬೆರಳಿಗೆ ತಗುಲಿತು. ಅಸ್ತರಿಗೆ ರಕ್ತ. ತಣ್ಣೀರಲ್ಲಿ ತೊಳೆದೆ, ಹೋಯಿತು.

ರೀಲಿನವಳು "ಸರ್, ಇದು ಅದ್ಭುತ! ಇದನ್ನು ಮೊದಲು ಹಾಕೋಣ" ಅಂದಳು. ಇವರು ಕಣ್ಣು ಮುಚ್ಚಿಕೊಂಡಿದ್ದರು. "ಅದೊಂದು ಬೇಡಮ್ಮ" ಅಂದರು. "ಮಿಕ್ಕಿದ್ದೆಲ್ಲ ಹಾಕಿ. ಅದೊಂದು ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು.

ಜೂನ್ 10, ಮಂಗಳವಾರ

ಯಾರವಳು? ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟರೆ?

ಆ ಹಾಡು ರೆಕಾರ್ಡ್ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಆ ಉತ್ತರದ ಸಾಲು ಹಾಡಬೇಕಿದ್ದವಳು ನಾನು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. "ಕಿಟಕೀಲಿರೋಳು ನೀನು, ನೀನೇ ಹೇಳು" ಅಂತ ಇವರು ಎಳೆದುಕೊಂಡು ಹೋಗಿದ್ದರು. ಸ್ಟುಡಿಯೋ ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ನನ್ನ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತು. ಎರಡು ಸಲ ಹತ್ತಿಸಿದರು, ಎರಡು ಸಲವೂ ಗಾಳಿ ಮಾತ್ರ ಬಂತು. "ಅರ್ಜೆಂಟ್ ಪ್ಯಾಂಟು ಕೊಡೋದಿದೆ" ಅಂತ ಹೇಳಿ ಬಸ್ಸು ಹತ್ತಿ ಮನೆಗೆ ಬಂದೆ. ಆಮೇಲೆ ಹಾಡು ಬಂದಾಗ ಆ ಜಾಗದಲ್ಲಿ ಗಿಟಾರ್ ಇತ್ತು. ಪಾಪ, ಬೇರೆ ದಾರಿಯಿಲ್ಲದೆ ಗಿಟಾರ್ ಹಾಕಿದ್ದಾರೆ ಅಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡೆ.

ಈಗ ಗೊತ್ತಾಯಿತಲ್ಲ. ನಾನು ಬಸ್ಸು ಹತ್ತುವುದೇ ತಡ, ಇನ್ನೊಬ್ಬಳು ಮೆಟ್ಟಿಲು ಹತ್ತಿದಳು.

ಜೂನ್ 14, ಶನಿವಾರ

ರೀಲಿನವಳು ಹಾಡುಗಳನ್ನೆಲ್ಲ ಸ್ಪೀಕರ್‌ಗೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟು ಹೋಗಿದ್ದಾಳೆ. ಇವರು ಬೆಳಿಗ್ಗೆಯಿಂದ ಅದನ್ನೇ ಹಾಕಿಕೊಂಡು ಕೂತಿದ್ದಾರೆ. ಅದೂ ಆ ಒಂದನ್ನೇ. ಬೇಡ ಅಂದವರು! ಸ್ಪೀಕರ್‌ಗೆ ಎಡಗಿವಿ ಒತ್ತಿಕೊಂಡು, ಹುಬ್ಬು ಗಂಟು ಹಾಕಿಕೊಂಡು, ಆ ಜಾಗ ಬಂತು ಅಂದರೆ ಕೈಯೆತ್ತಿ ನನಗೂ ಸುಮ್ಮನಿರು ಅನ್ನುತ್ತಾರೆ. ನಾನು ಮಾತಾಡಿದರೆ ಕೇಳದ ಕಿವಿಗೆ ಅವಳು ಬೇಕು.

"ಊಟಕ್ಕೆ ಬನ್ನಿ" ಅಂದೆ.

"ಹ್ಞಾಂ?"

"ಊಟ! ಊಟ!"

"ಒಂದ್ನಿಮಿಷ ಇರೇ. ಬರುತ್ತೆ ಈಗ."

ಬರುತ್ತಾಳೆ ಅನ್ನಲಿಲ್ಲ, ಅಷ್ಟು ಪುಣ್ಯ.

ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ. ಇನ್ನೊಂದು ಗಮನಿಸಿದೆ, ಬರೆಯಲು ಹೊಟ್ಟೆ ಉರಿಯುತ್ತದೆ. ಇವರು ಹಾಡುವ ಮುಂಚೆ ಮೂಗಿನಲ್ಲಿ ಉಸಿರು ಎಳೆದು, ಗಂಟಲಲ್ಲಿ ಸಣ್ಣಗೆ "ಟಕ್" ಅನ್ನಿಸುತ್ತಾರೆ. ಅವಳೂ ಹಾಗೇ ಮಾಡುತ್ತಾಳೆ! ಅವಸರದ ಉಸಿರು, ಆಮೇಲೆ "ಟಕ್". ಒಬ್ಬರ ಉಸಿರಿನ ಚಾಳಿ ಇನ್ನೊಬ್ಬರಿಗೆ ಅಂಟಬೇಕಾದರೆ ಎಷ್ಟು ಹತ್ತಿರ ಇರಬೇಕು? ನಾನು ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇನೆ, ನನಗೆ ಅಂಟಿಲ್ಲ.

ಹಾಡುವುದೇನು ಮಹಾ? ಮೆಷಿನ್ ತುಳಿಯುತ್ತಾ ಒಂದು ಸಲ ಅಂದು ನೋಡಿದೆ. ದನಿ ಬಾಗಿಲ ಕೀಲಿನ ಹಾಗೆ ಬಂತು. ಯಾರೂ ಕೇಳಲಿಲ್ಲ. ಕೇಳುವವರಿಗೆ ಕಿವಿ ಇಲ್ಲ.

ಜೂನ್ 17, ಮಂಗಳವಾರ

ಮಗಳಿಗೆ ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ.

"ಅಮ್ಮ, ನಿನಗೀಗ ಎಷ್ಟು ವಯಸ್ಸು?"

"ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ ಕಣೇ."

"ಆ ಹುಡುಗಿಗೂ ಈಗ ಅರವತ್ತಾಗಿರುತ್ತೆ. ಅವಳಿಗೂ ಮಂಡಿ ನೋವಿರುತ್ತೆ."

"ಟೇಪಿನಲ್ಲಿ ಆಗಿಲ್ಲವಲ್ಲ."

"ಅಪ್ಪನ್ನೇ ಕೇಳಬಾರದಾ?" ಅಂದಳು. ಕೇಳಬಹುದು. ಇವರ ಕಿವಿಗೆ ಕೂಗಿ ಕೇಳಬೇಕು. ಅಕ್ಕಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡು ಉತ್ತರ ಕೊಡುತ್ತಾರೆ.

ಜೂನ್ 22, ಭಾನುವಾರ

ಯಾರಿರಬಹುದು ಅಂತ ಯೋಚಿಸಿದೆ. ಡ್ರಮ್ ಬಾರಿಸುವವನ ತಂಗಿ? ಅವಳ ದನಿ ಗರಗಸ. ಸ್ಟುಡಿಯೋ ಮುಂಬಾಗಿಲಲ್ಲಿ ಕೂರುತ್ತಿದ್ದ ಟೈಪಿಸ್ಟ್? ಅವಳು ತೆಳ್ಳಗಿದ್ದಳು, ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಇವರನ್ನು ನೋಡಿದರೆ ಪೆನ್ಸಿಲ್ ಕೆಳಗೆ ಬೀಳಿಸುತ್ತಿದ್ದಳು. ಅವಳೇ. ಅಲ್ಲದಿರಲೂಬಹುದು. ಅಲ್ಲ ಅಂದರೆ ಇನ್ಯಾರೋ ನಾನು ನೋಡದವಳು, ಅದು ಇನ್ನೂ ಕೆಟ್ಟದ್ದು.

ಇನ್ನೊಂದು ದೊಡ್ಡ ಭಯ. ಬ್ಯಾಂಡಿನವರು ಬಸ್‌ಸ್ಟಾಪಿನಲ್ಲಿ ನಿಂತು ಎಷ್ಟು ಮನೆಯ ಕಿಟಕಿ ನೋಡಿರಬಹುದು! ನನ್ನದೇ ಅಂತ ಏನು ಗ್ಯಾರಂಟಿ? ಮೂರನೇ ಮಹಡಿ ಅಂದರೆ ನಾನೊಬ್ಬಳೇ ಇದ್ದೆನಾ? ಹಾಡು ನನ್ನ ಮೇಲೆ ಅಲ್ಲ ಅಂತಾದರೆ ನಾನು ಇಷ್ಟು ವರ್ಷ ಯಾರ ಕೋಟು ಹಾಕಿಕೊಂಡು ಓಡಾಡಿದ ಹಾಗಾಯಿತು?

ಪಕ್ಕದ ಬೀದಿಯ ಮೇಷ್ಟ್ರು ಪ್ಯಾಂಟು ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತಿದ್ದರು. ನಾನು ನೋಡಿರಲಿಲ್ಲ. "ಹಾಡಿ ಹಾಡಿ, ನನಗೇನು ಅವಸರ ಇಲ್ಲ" ಅಂದರು. ನಾನು ಹಾಡುತ್ತಿರಲಿಲ್ಲ. ಅವಳು ಎಲ್ಲಿ ತಪ್ಪು ಮಾಡಿದ್ದಾಳೆ ಅಂತ ನೋಡುತ್ತಿದ್ದೆ, ಅಷ್ಟೇ. ಮಾಡಿದ್ದಾಳೆ. "ಹತ್ತಿ" ಅನ್ನುವುದನ್ನು ಹಾರಿಸಿಬಿಡುತ್ತಾಳೆ. ಮೂರು ಮಹಡಿ ಹತ್ತಿದವಳಿಗೆ ಗೊತ್ತಿರುತ್ತದೆ, ಅಲ್ಲಿ ಸ್ವಲ್ಪ ತಡೆಯಬೇಕು, ಉಸಿರು ಕಟ್ಟಬೇಕು. ನಾನು ತಡೆದು ನೋಡಿದೆ. ಚೆನ್ನಾಗಿ ಬರುತ್ತದೆ. ನನ್ನ ದನಿ ಈಗ ದಪ್ಪ ಕಂಬಳಿ ಬಟ್ಟೆಯ ಹಾಗೆ ಆಗಿದೆ, ಆದರೂ ಬರುತ್ತದೆ.

ಮೇಷ್ಟ್ರ ಪ್ಯಾಂಟಿನ ಎಡಗಾಲು ಒಂದು ಬೆರಳು ಉದ್ದ ಬಿಟ್ಟಿದ್ದೆ. ಸಂಜೆ ವಾಪಸ್ ತಂದರು. ನನ್ನ ಕೈಯಲ್ಲಿ ಹಿಂದೆ ಇಂಥದ್ದು ಆಗಿರಲಿಲ್ಲ.

ಜೂನ್ 23, ಸೋಮವಾರ

"ಸದ್ದು" ಅನ್ನುವಾಗ ಅವಳ ಬಾಯಲ್ಲಿ ಸಣ್ಣ ಸೀಟಿ ಬರುತ್ತದೆ. ಮುಂದಿನ ಹಲ್ಲು ಮುರಿದವರಿಗೆ ಬರುತ್ತದಲ್ಲ ಹಾಗೆ. ಇವರಿಗೂ ಆಗ ಹಲ್ಲು ಮುರಿದಿತ್ತು. ಜೋಡಿ ಸರಿಯಾಗಿಯೇ ಹುಡುಕಿಕೊಂಡಿದ್ದಾರೆ.

ಜೂನ್ 29, ಭಾನುವಾರ

ದಪ್ಪತಂತಿ ಊಟಕ್ಕೆ ಬಂದಿದ್ದರು. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದವರು, ದಪ್ಪ ತಂತಿಯ ಗಿಟಾರ್, ಅದಕ್ಕೇ ಆ ಹೆಸರು. ಈಗ ಹೊಟ್ಟೆಗೂ ಒಪ್ಪುತ್ತದೆ. ನಾಲ್ವರಲ್ಲಿ ಉಳಿದವರು ಇವರಿಬ್ಬರೇ.

ಊಟವಾಗಿ ಇವರು ಒಂದು ಗಳಿಗೆ ಮುಂದಿನ ಕೋಣೆಯಲ್ಲಿ ಮಲಗಲು ಹೋದರು. ನಾನು ಅಡುಗೆಮನೆ ಬಾಗಿಲು ಅಡ್ಡ ಮಾಡಿ ಬಂದು ಎದುರಿಗೆ ಕೂತೆ.

"ನಿಮ್ಮನ್ನ ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬಾರದು."

"ಇಷ್ಟು ಗಟ್ಟಿಯಾಗಿ ಊಟ ಹಾಕಿದ ಮೇಲೆ ಸುಳ್ಳು ಎಲ್ಲಿಂದ ಬರುತ್ತೆ ಅತ್ತಿಗೆ. ಕೇಳಿ."

"ಆ ಹಳೇ ಟೇಪಿನಲ್ಲಿ 'ಹತ್ತಿ ಬಾ' ಅನ್ನೋಳು ಯಾರು?"

ಅವರು ನನ್ನ ಮುಖ ನೋಡಿದರು. ಮುಂದಿನ ಕೋಣೆ ಕಡೆ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಹೊಟ್ಟೆ ಮೇಜಿಗೆ ತಾಗಿ ಲೋಟ ಕುಣಿಯಿತು. ಕೆಮ್ಮು ಬಂತು. ನೀರು ಕೊಟ್ಟೆ. ಕೊಡಬಾರದಿತ್ತು.

"ಅವಳಾ ಅತ್ತಿಗೆ? ಅವಳಿಗೆ ಮೀಸೆ ಇತ್ತು."

"ತಮಾಷೆ ಬೇಡ."

"ತಮಾಷೆ ಅಲ್ಲ. ಮೀಸೆ ಇತ್ತು, ಮುಂದಿನ ಹಲ್ಲು ಮುರಿದಿತ್ತು, ಕಾಲುಚೀಲ ತೊಳೀತಿರಲಿಲ್ಲ. ನೀವು ಮದುವೆ ಆಗಿದ್ದೂ ಅವಳನ್ನೇ."

ನನಗೆ ಅರ್ಥವೇ ಆಗಲಿಲ್ಲ. ಅವರು ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದರು. ನಾನು ಬಸ್ಸು ಹತ್ತಿ ಹೋದ ಮೇಲೆ ಇವರು ಮುಖ ಊದಿಸಿಕೊಂಡು ಕೂತಿದ್ದರಂತೆ. ಹಾಡುವವಳೊಬ್ಬಳನ್ನು ಕರೆಸೋಣ ಅಂದರೆ, ಖಂಡಿತ ಬೇಡ ಅಂದರಂತೆ. ರೆಕಾರ್ಡ್ ಮಾಡುವ ಮೆಷಿನ್ನಿಗೆ ವೇಗದ ಗುಂಡಿ ಇತ್ತಂತೆ. ರೀಲನ್ನು ನಿಧಾನಕ್ಕೆ ಓಡಿಸಿ, ಆ ನಿಧಾನಕ್ಕೆ ಸರಿಯಾಗಿ ತಾವೇ ನಿಧಾನವಾಗಿ ಹಾಡಿದರಂತೆ. ಆಮೇಲೆ ರೀಲನ್ನು ಮಾಮೂಲಿ ವೇಗಕ್ಕೆ ತಂದರೆ ಬರೀ ಆ ಸಾಲು ಮೇಲೇರಿ, ಗಂಡಸಿನ ದನಿ ಹುಡುಗಿ ದನಿ ಆಯಿತು.

"ಗುಂಡಿ ಹಿಡ್ಕೊಂಡು ನಿಂತಿದ್ದವನು ನಾನೇ ಅತ್ತಿಗೆ. ನಿಮ್ಮ ಸವತಿ ಹುಟ್ಟಿದಾಗ ಸೂಲಗಿತ್ತಿ ನಾನೇ."

ನಾನು ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದುಬಿಟ್ಟೆ. ನಂಬಿಕೆ ಬರಲಿಲ್ಲ. ಗೆಳೆಯನನ್ನು ಗೆಳೆಯ ಬಿಟ್ಟುಕೊಡುತ್ತಾನಾ?

ಜುಲೈ 1, ಮಂಗಳವಾರ

ರೀಲಿನವಳಿಗೆ ನಾನೇ ಫೋನ್ ಮಾಡಿ ಕರೆಸಿದೆ. ನಾನಾಗಿ ಹೊರಗಿನವರಿಗೆ ಫೋನ್ ಮಾಡಿದ್ದು ಯಾವಾಗಲೋ. ಇವರು ಕಿವಿ ಡಾಕ್ಟರ ಹತ್ತಿರ ಹೋಗಿದ್ದ ಹೊತ್ತು. ಅವಳು ಲ್ಯಾಪ್‌ಟಾಪ್ ತೆರೆದಳು, ಹಾಡಿನ ಒಂದೊಂದು ವಾದ್ಯಕ್ಕೂ ಒಂದೊಂದು ಪಟ್ಟಿ, ಬೇರೆ ಬೇರೆ ಬಣ್ಣ, ಹೊಲಿಗೆ ದಾರದ ಉಂಡೆ ಸಾಲಾಗಿ ಇಟ್ಟ ಹಾಗೆ.

"ಇದು ಉತ್ತರದ ದನಿ ಅಮ್ಮ. ಇದೊಂದನ್ನೇ ಬಿಡ್ತೀನಿ. ಈಗ ನಿಧಾನ ಮಾಡ್ತೀನಿ, ಕೇಳಿ."

"ಹತ್ತಿ ಬಾ" ಅಂದಳು ಹುಡುಗಿ. ಮತ್ತೆ ಅಂದಳು, ಸ್ವಲ್ಪ ಇಳಿದು. ಇನ್ನೊಮ್ಮೆ. ಹುಡುಗಿಯ ಗಂಟಲು ದಪ್ಪವಾಯಿತು, ಅವಸರದ ಉಸಿರು ಉದ್ದವಾಯಿತು, "ಟಕ್" ಅನ್ನುವುದು ತನ್ನ ಜಾಗಕ್ಕೆ ಬಂದು ಕೂತಿತು. ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ನನ್ನ ಎದುರು ಬಂದು ನಿಂತವರು ಇವರೇ. ಇಪ್ಪತ್ತಾರು ವರ್ಷದವರು. ಹಲ್ಲು ಮುರಿದವರು.

ಅವಳು ನನ್ನನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚಿದಳು. ಒಳ್ಳೆಯ ಹೆಂಗಸು. ನಾನು ಸುಮ್ಮನೆ ಅವಳ ಮೇಲೂ ಹೊಟ್ಟೆಕಿಚ್ಚು ಪಟ್ಟಿದ್ದೆ.

ಇವರು ಬಂದ ಮೇಲೆ ಎದುರಿಗೇ ಕೇಳಿದೆ. ಎಡಗಿವಿಗೆ ಬಾಯಿಟ್ಟು ಕೇಳಿದೆ. "ಇಷ್ಟು ಚೆನ್ನಾಗಿತ್ತಲ್ಲ, ಯಾಕೆ ಬಿಟ್ರಿ?"

"ಚೆನ್ನಾಗೇನಿತ್ತು? ಕರೆಯೋನೂ ನಾನೇ, ಬಾ ಅನ್ನೋನೂ ನಾನೇ. ಕೇಳಿದಾಗ ನಾಚಿಕೆ ಆಯ್ತು ಕಣೇ. ಕಿಟಕಿ ಖಾಲಿ ಇದ್ರೆ ಇರಲಿ ಅನ್ನಿಸ್ತು."

"ಮತ್ತೆ ಈಗ ದಿನವೆಲ್ಲ ಅದನ್ನೇ ಹಾಕ್ಕೊಂಡು ಕೂತ್ಕೋತೀರಲ್ಲ."

"ಅದು ನನಗೆ ಕೇಳೋದೇ ಇಲ್ವಲ್ಲೇ. ಸಣ್ಣ ದನಿ, ಹೋಗ್ಬಿಟ್ಟಿದೆ. ನನಗೆ ಅಲ್ಲಿ ಬರೀ ಖಾಲಿ. ಒಂದ್ಸಲನಾದ್ರೂ ಬರುತ್ತೇನೋ ಅಂತ ಹುಡುಕ್ತಾ ಇದ್ದೆ."

ಡಾಕ್ಟರು ಏನಂದರು ಅಂತ ಕೇಳಿದೆ. ಮುಂದಿನ ಚಳಿಗಾಲಕ್ಕೆ ಎಡದ್ದೂ ಅನುಮಾನ ಅಂದರಂತೆ. ತರಕಾರಿ ಬೆಲೆ ಹೇಳಿದ ಹಾಗೆ ಹೇಳಿದರು.

ಜುಲೈ 2, ಬುಧವಾರ

ಸಮಾಧಾನ ಆಗಬೇಕಿತ್ತು. ಆಗಿಲ್ಲ. ಸಿಟ್ಟು ಬರುತ್ತಿದೆ. ಟೈಪಿಸ್ಟ್ ಆಗಿದ್ದರೆ ಅವಳನ್ನು ಬೈಯಬಹುದಿತ್ತು. ಈಗ ಯಾರನ್ನು ಬೈಯಲಿ? ಹೆಂಡತಿ ಕಿಟಕಿಯಲ್ಲಿಲ್ಲ ಅಂತ ತಾವೇ ಮೇಲೆ ಹೋಗಿ ನಿಂತು ತಮ್ಮನ್ನೇ ಕರೆದುಕೊಂಡಿದ್ದಾರೆ. ಇಷ್ಟು ವರ್ಷ ಆ ಜಾಗದಲ್ಲಿ ಗಿಟಾರ್ ಅತ್ತಿದ್ದು ನನಗಾಗಿ ಅಂದುಕೊಂಡಿದ್ದೆ, ನನ್ನ ಮೇಲಿನ ಬೇಜಾರಿಗೆ ಅಂತ ಗೊತ್ತಿರಲಿಲ್ಲ.

ಆ ಟೇಪಿನ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಗಂಡನೇ ಆದರೇನು. ಆ ಸಾಲು ನನ್ನದು.

ಜುಲೈ 8, ಮಂಗಳವಾರ

ಇವತ್ತು ಎಂಥ ಎಡವಟ್ಟು.

ರೀಲಿನವಳು ಬಂದಿದ್ದಳು. ಹಾಡಿನ ಜೊತೆ ಹಾಕಲು ಇವರ ಬಾಯಿಂದ ನಾಲ್ಕು ಹಳೇ ಮಾತು ಬೇಕಂತೆ, ಅದಕ್ಕೆ ಮೈಕು ತಂದಿದ್ದಳು. ದಪ್ಪತಂತಿಯೂ ಬಂದಿದ್ದರು, ಊಟದ ಹೊತ್ತಿಗೆ ಸರಿಯಾಗಿ. ಮೊದಲು ಅವಳು ನನ್ನನ್ನೇ ಕೇಳಿದಳು. "ಅಮ್ಮ, ಆ ಸಾಲು ನೀವೊಂದು ಸಲ ಹಾಡ್ತೀರಾ? ಮೇಷ್ಟ್ರೊಬ್ಬರು ಬಾಗಿಲಲ್ಲಿ ಸಿಕ್ಕಿದ್ರು, ನೀವು ಚೆನ್ನಾಗಿ ಹಾಡ್ತೀರಂತೆ."

ಮೇಷ್ಟ್ರ ಬಾಯಿಗೊಂದು ಜಿಪ್ ಹಾಕಬೇಕು. ಮೈಕು ನೋಡಿದ್ದೇ ನಾಲಿಗೆ ಮತ್ತೆ ಅಂಗುಳಿಗೆ ಅಂಟಿತು. "ಒಲೆ ಮೇಲೆ ಅಡುಗೆ ಇದೆ" ಅಂತ ಹೇಳಿ ಅಡುಗೆಮನೆಗೆ ಓಡಿಬಂದೆ. ಒಲೆ ಮೇಲೆ ಏನೂ ಇರಲಿಲ್ಲ. ಸುಳ್ಳು ನಿಜ ಮಾಡಲು ಈರುಳ್ಳಿ ಹೆಚ್ಚಿದೆ.

ಅವರು ಅಲ್ಲಿ ಹಾಡು ಹಾಕಿದರು. ಉತ್ತರದ ಪಟ್ಟಿ ತೆಗೆದುಹಾಕಿ ಮಿಕ್ಕಿದ್ದನ್ನು ಇವರಿಗೆ ಕೇಳಿಸುತ್ತಿದ್ದಳಂತೆ, ನನಗೇನು ಗೊತ್ತು. ಒಂದು ಸಲ ಇವರ ದನಿ "ಇಳಿದು ಬಾ" ಅಂತು, ಆಮೇಲೆ ಏನೂ ಇಲ್ಲ, ಡ್ರಮ್ ಮಾತ್ರ ನಡೆದುಕೊಂಡು ಹೋಯಿತು. ಗುಂಡಿ ಬಿಟ್ಟ ಅಂಗಿ ನೋಡಿದ ಹಾಗೆ ಅನ್ನಿಸಿತು. ಎರಡನೇ ಸಲ "ಇಳಿದು ಬಾ". ನನ್ನ ಕೈ ಈರುಳ್ಳಿ ಮೇಲೆ, ಕಣ್ಣಲ್ಲಿ ನೀರು, ಅಭ್ಯಾಸಬಲ ನೋಡಿ, ಉಸಿರು ಕಟ್ಟಿ ತಡೆದು,

"ಸದ್ದು ಮಾಡದೆ ಹತ್ತಿ ಬಾ."

ಹಾಡಿದ್ದು ನನಗೂ ಗೊತ್ತಾಗಲಿಲ್ಲ. ಮೂರನೇದಕ್ಕೂ ಅಂದೆ. ನಾಲ್ಕನೇದಕ್ಕೂ, ಅದೂ ಗಂಟಲು ಬಿಟ್ಟು. ಆಮೇಲೆ ಹಾಡು ನಿಂತಿತು. ಮುಂದಿನ ಕೋಣೆಯಲ್ಲಿ ಸದ್ದೇ ಇಲ್ಲ. ಇವರಿಗೇನೋ ಆಯಿತು ಅಂತ ಚಾಕು ಹಿಡಿದುಕೊಂಡೇ ಓಡಿದೆ.

"ಏನಾಯ್ತು? ಗ್ಯಾಸ್ ವಾಸನೆ ಬಂತಾ?"

ರೀಲಿನವಳು ಕೆಳಗೆ ನೋಡುತ್ತಿದ್ದಳು. ಇವರು ಎಡಗಿವಿಯ ಮೇಲೆ ಅಂಗೈ ಮುಚ್ಚಿ ಕೂತಿದ್ದರು, ಒಳಗೆ ಬಂದದ್ದು ಹೊರಗೆ ಹೋಗದ ಹಾಗೆ.

"ಇನ್ನೊಂದ್ಸಲ" ಅಂದರು.

"ಏನು ಇನ್ನೊಂದ್ಸಲ? ಚಹಾನಾ?"

"ಕೇಳಿಸ್ತು ಕಣೇ."

ದಪ್ಪ ದನಿ ಆಮೇಲೆ ಹೋಗುತ್ತದೆ ಅಂದಿದ್ದರಲ್ಲ ಡಾಕ್ಟರು.

ನಾನು "ಈರುಳ್ಳಿ" ಅಂತ ಹೇಳಿ ಒಳಗೆ ಬಂದೆ. ಬೇರೇನು ಹೇಳಲಿ?

ಜುಲೈ 15, ಮಂಗಳವಾರ

ಮೈಕು ಹತ್ತಿಕೊಂಡೇ ಇತ್ತಂತೆ. ನನ್ನ ದನಿ ಹಾಡಿನ ಜೊತೆ ಕೂತುಬಿಟ್ಟಿದೆ. ರೀಲಿನವಳು ತಂದು ಕೇಳಿಸಿದಳು. ದೂರದಿಂದ ಬಂದ ಹಾಗಿದೆ, ಒಳಗೆಲ್ಲೋ ಚಾಕು ಹಲಗೆಗೆ ಬಡಿಯುವ ಸದ್ದೂ ಇದೆ. ಕೆಳಗೆ ನಿಂತವನಿಗೆ ಇಪ್ಪತ್ತಾರು, ಮೇಲಿನವಳಿಗೆ ಅರವತ್ತರ ಹತ್ತಿರ. ನಗು ಬಂತು. ಅವಳು ನಗಲಿಲ್ಲ. "ಅಮ್ಮ, ನನ್ನ ಕೆಲಸದಲ್ಲಿ ಇಂಥದ್ದು ಸಿಕ್ಕಿಲ್ಲ. ಇದನ್ನು ಕೊನೇ ಹಾಡಾಗಿ ಹಾಕ್ತೀವಿ. ಎಲ್ಲರೂ ಕೇಳ್ಬೇಕು" ಅಂದಳು.

ಇವರು ಮಿಕ್ಕ ಎಲ್ಲದಕ್ಕೂ ಒಪ್ಪಿಗೆ ಕೊಟ್ಟಿದ್ದಾರೆ. ಆ ಮೀಸೆಯವಳಿಗೂ! "ಪಾಪ, ಅವಳೂ ಹೊರಗೆ ಬರಲಿ" ಅಂದೆ ನಾನೇ. ಇದೊಂದನ್ನು ಮಾತ್ರ "ಅವಳನ್ನ ಕೇಳಿ" ಅಂತ ನನ್ನ ಕಡೆ ತೋರಿಸಿದರು.

ಬಸ್ಸಿನಲ್ಲಿ, ಸಲೂನಿನಲ್ಲಿ, ಕಂಡಕಂಡವರ ಕಿವಿಯಲ್ಲಿ ಇವರು ನನ್ನನ್ನು ಕರೆಯುವುದು, ನಾನು ಬಾ ಅನ್ನುವುದು. ಯಾವಳೋ ಒಬ್ಬಳು ಕೂತು ಅದನ್ನು ಬಾಯಿಪಾಠ ಮಾಡಿಕೊಳ್ಳುವುದು, ಎಲ್ಲಿ ತಪ್ಪು ಅಂತ ಹುಡುಕುವುದು. ಯೋಚಿಸಿದರೇ ಹೊಟ್ಟೆಯಲ್ಲಿ ಕೆಂಡ.

"ಬೇಡ" ಅಂದೆ. "ಇದು ನಮ್ಮ ಮನೇಲೇ ಇರಲಿ."

ಅವಳು ಒಪ್ಪಿದಳು. ಹಳೇ ರೀಲಿನ ಪೆಟ್ಟಿಗೆಯ ಜೊತೆ ಅದನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟು, ತನ್ನ ಹತ್ತಿರ ಇದ್ದದ್ದನ್ನು ನನ್ನ ಎದುರೇ ಅಳಿಸಿದಳು. ಹೋಗುವಾಗ ತನ್ನ ಕೋಟಿನ ತೋಳು ಬಿಡಿಸಲು ಕೊಟ್ಟು ಹೋದಳು. ವಾರ ಬಿಟ್ಟು ಬರುತ್ತಾಳೆ.

ಬೆಳಿಗ್ಗೆ ಇವರಿಗೆ ಅದನ್ನು ಹಾಕಿ ಕೇಳಿಸಿದೆ. ಕಿವಿ ಇರುವ ತನಕ ದಿನಾ ಒಂದು ಸಲ ಅಂತ ಮಾತಾಗಿದೆ. ಡಬ್ಬಿಯನ್ನು ಕೈಗೆ ಸಿಗುವ ಹಾಗೆ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆ ಮಾತ್ರ ವಾಪಸ್ ಅಟ್ಟಕ್ಕೆ. ನಾನು ಏಣಿಯ ಮೇಲಿದ್ದೆ. ಇವರು ಕೆಳಗೆ ಏಣಿ ಹಿಡಿದು ನಿಂತಿದ್ದರು, ಏಣಿಯನ್ನು ಇವರು ಹಿಡಿದಿದ್ದರೋ ಇವರನ್ನು ಏಣಿಯೋ.

"ಸಾಕು ಬಿಡು, ಬೀಳ್ತೀಯ. ಇಳಿದು ಬಾರೇ."

ನಾನು ಪೆಟ್ಟಿಗೆ ಒಳಗೆ ತಳ್ಳಿ, ತಿರುಗಿ ಕೂತು, ಕಿವಿಗೆ ಮುಟ್ಟುವ ಹಾಗೆ ದಪ್ಪ ದನಿಯಲ್ಲಿ ನನ್ನ ಸಾಲು ಹೇಳಿದೆ. ತಡೆಯುವ ಜಾಗದಲ್ಲಿ ತಡೆದೇ ಹೇಳಿದೆ.

"ಮಂಡಿ ಕೇಳಲ್ವಲ್ಲೇ" ಅಂದರು. ಅಂದರೂ ಒಂದು ಕಾಲು ಎತ್ತಿ ಮೊದಲ ಮೆಟ್ಟಿಲ ಮೇಲೆ ಇಟ್ಟರು.

ಗ್ಯಾಸ್ ಆರಿಸಿದೆನಾ? ಆರಿಸಿರುತ್ತೇನೆ ಬಿಡು.